ಒಣಭೂಮಿಯ ಸಂಶೋಧನಕ್ಕೆ ಸರಕಾರದ ಸಹಾಯಧನ: ಮರೋಳ ಸೀಮೆಯ ರೈತರಿಗೆ ಕೆಲವು ಸೂಚನೆಗಳು

ಬೀಜ, ಗೊಬ್ಬರ, ಕೃಷಿಹೊಂಡ ಮೊದಲಾದವುಗಳಿಗೆ ಸರಕಾರದ ಸಹಾಯಧನ ದೊರೆಯುವದೆಂಬುದನ್ನು ನಮ್ಮ ರೈತಬಂಧುಗಳು ಚೆನ್ನಾಗಿ ಬಲ್ಲರು. ಅವುಗಳಿಗಾಗಿ ಅರ್ಜಿ ಬರೆಯುವ ರೂಢಿಯೂ ಹಳ್ಳಿಹಳ್ಳಿಗಳಲ್ಲಿ ಬೆಳೆದಿದೆ. ಆದರೆ ಹೊಲದಲ್ಲಿಯ ಒಂದು ತೊಡಕನ್ನು ಪ್ರಯೋಗದಿಂದ ಪರೀಕ್ಷಿಸಿ ಬಿಡಿಸಿಕೊಳ್ಳುವದಕ್ಕೂ ಸಾರ್ವಜನಿಕ ಹಣವುಂಟೆಂಬ ಸಂಗತಿಯನ್ನು ಅರಿತವರು ವಿರಳ. ಅರಿತವರೂ ಅದು ವಿಶ್ವವಿದ್ಯಾಲಯದ ಪಂಡಿತರಿಗೆ ಸಂಬಂಧಿಸಿದ ವಿಷಯವೆಂದು ಸುಮ್ಮನಿರುತ್ತಾರೆ. ಈ ಭಾವನೆಯಲ್ಲಿ ಅರ್ಧಾಂಶ ಮಾತ್ರ ಸತ್ಯವಿರುವದು. ಅರ್ಜಿಗೆ ಸಹಿ ಮಾಡುವ ಸಂಸ್ಥೆ ಬೇರೆಯಾಗಿರಬಹುದು. ಪ್ರಶ್ನೆಯು ಹುಟ್ಟಬೇಕಾದದ್ದು ಹೊಲದಲ್ಲಿಯೇ. ಹೊಲದಿಂದ ಹುಟ್ಟದ ಪ್ರಶ್ನೆಗೆ ಎಷ್ಟು ಹಣ ಸುರಿದರೂ ಅದರ ಉತ್ತರವು ಹೊಲಕ್ಕೆ ತಿರುಗಿ ಬರುವದು ಕಷ್ಟ. ಆದಕಾರಣ ಇಂಥ ಸಹಾಯಧನವನ್ನು ಯಾರು, ಯಾವ ಮಾರ್ಗದಿಂದ, ಏನೆಂದು ಬರೆದು ಕೇಳಬೇಕೆಂಬುದನ್ನು ಹುನಗುಂದ–ಇಳಕಲ್ಲ ಸೀಮೆಯ ಮರೋಳದ ಎರೆಹೊಲಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿವರಿಸಲಾಗುವದು.

ಈ ಸೀಮೆಯ ಭೂಮಿ ಮತ್ತು ಮಳೆ

ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷದ ಸರಾಸರಿ ಮಳೆಯು ಸುಮಾರು 600 ಮಿಲಿಮೀಟರಿನ ಒಳಗೇ ಇರುವದು. ಅದರಲ್ಲಿ ಹೆಚ್ಚಿನ ಭಾಗವು ಮುಂಗಾರಿಯ ಕೊನೆಗೆ, ಕೆಲವೇ ದಿನಗಳಲ್ಲಿ ರಭಸದಿಂದ ಬೀಳುತ್ತದೆ. ಎರೆಭೂಮಿಯು ತೊಯ್ದೊಡನೆ ಉಬ್ಬಿ ಬಿರುಕುಗಳನ್ನು ಮುಚ್ಚಿಕೊಳ್ಳುವದರಿಂದ ನೀರು ಒಳಗಿಳಿಯುವ ವೇಗವು ಕುಗ್ಗಿ, ಉಳಿದದ್ದು ಮೇಲ್ಮಣ್ಣನ್ನು ಕೊಚ್ಚಿಕೊಂಡು ಹಳ್ಳದ ದಾರಿ ಹಿಡಿಯುವದು. ಬಿಳಿಜೋಳ, ಕಡಲೆ, ಕುಸುಬೆಗಳಂಥ ಹಿಂಗಾರಿ ಪೀಕುಗಳು ಬಿತ್ತನೆಯ ಮುಂಚೆ ಭೂಮಿಯಲ್ಲಿ ಕೂಡಿದ ಹಸಿಯ ಮೇಲೆಯೇ ಬಹುಮಟ್ಟಿಗೆ ಬದುಕಬೇಕು.

ಹರಿದುಹೋಗುವ ನೀರಿನ ಬೆಲೆಯನ್ನು ಲೆಕ್ಕದಿಂದ ತಿಳಿಯಬಹುದು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು 4,047 ಲೀಟರು ನೀರಾಗುತ್ತದೆ. ಒಂದು ಹಂಗಾಮಿನಲ್ಲಿ 50 ಮಿಲಿಮೀಟರು ಮಳೆಯು ಹೊಲದಿಂದ ಹೊರಗೆ ಹರಿದರೆ ಎಕರೆಗೆ ಎರಡು ಲಕ್ಷ ಲೀಟರು, ಅಂದರೆ 5,000 ಲೀಟರಿನ 40 ಟ್ಯಾಂಕರು ನೀರನ್ನು ಕಳೆದುಕೊಂಡಂತಾಯಿತು. ಅದರೊಡನೆ ಹೋದ ಮಣ್ಣು ಮರಳಿ ಬರುವಂಥದಲ್ಲ. ಸುಸ್ಥಿರ ಕೃಷಿಯೆಂದು ಇಂದು ಕರೆಯುವದರ ಮೊದಲನೆಯ ಪಾಠವು ನಮ್ಮಲ್ಲಿ ಈ ಮಣ್ಣು ನೀರುಗಳನ್ನು ಹೊಲದಲ್ಲಿಯೇ ನಿಲ್ಲಿಸುವದಾಗಿದೆ.

ಹಿಂದೆ ನಡೆದ ಒಂದು ಉದಾಹರಣೆ

ಒಣಬೇಸಾಯದ ಸಂಶೋಧನಕ್ಕೆ ಸಾರ್ವಜನಿಕ ಹಣವನ್ನು ಕೇಳಿ ಪಡೆದ ಒಂದು ಹಳೆಯ ಉದಾಹರಣೆಯು ನಮ್ಮ ಸೀಮೆಯಲ್ಲಿಯೇ ಇರುವದು. 1876–78ರ ಘೋರ ಕ್ಷಾಮದಲ್ಲಿ ಅಂದಿನ ಕಲಾದಗಿ ಜಿಲ್ಲೆಯು ಅಪಾರ ನಷ್ಟಕ್ಕೆ ಗುರಿಯಾಯಿತು. ಆ ಜಿಲ್ಲೆಯೇ 1885ರಲ್ಲಿ ವಿಜಾಪುರ ಜಿಲ್ಲೆಯಾಯಿತು. ಹುನಗುಂದ ತಾಲೂಕು ಅದರಲ್ಲಿ ಸೇರಿತ್ತು. ಬರ ಬಂದಾಗ ಪರಿಹಾರ ಕಾರ್ಯಗಳನ್ನು ತೆರೆಯುವದು, ಮಳೆ ಬಂದೊಡನೆ ಮುಚ್ಚುವದು, ಹೀಗೆ ಬಹುಕಾಲ ನಡೆಯಿತು. ಬರಕ್ಕೆ ಮುಂಚಿತವಾಗಿ ಹೊಲವನ್ನೇ ಸಿದ್ಧಪಡಿಸುವ ಬಗೆಯನ್ನು ಪ್ರಯೋಗದಿಂದ ಕಂಡುಹಿಡಿಯುವ ಕೆಲಸಕ್ಕೆ ಹಣ ಬೇಕಾಗಿತ್ತು.

ಲಾರ್ಡ್ ಲಿನ್‌ಲಿಥ್ಗೋ ಅವರ ಅಧ್ಯಕ್ಷತೆಯ ರಾಯಲ್ ಆಯೋಗವು 1928ರಲ್ಲಿ ತನ್ನ ವರದಿಯನ್ನು ಒಪ್ಪಿಸಿದ ಮೇಲೆ, 1929ರಲ್ಲಿ ಇಂಪೀರಿಯಲ್ ಕೃಷಿ ಸಂಶೋಧನ ಪರಿಷತ್ತು ಸ್ಥಾಪಿತವಾಯಿತು. ಇಂದಿನ ಭಾರತೀಯ ಕೃಷಿ ಸಂಶೋಧನ ಪರಿಷತ್ತು ಅದೇ ಸಂಸ್ಥೆಯ ಮುಂದುವರಿಕೆ. ಪ್ರಾಂತಗಳು ತಮ್ಮ ತೊಡಕನ್ನೂ ಪ್ರಯೋಗದ ಕ್ರಮವನ್ನೂ ಖರ್ಚಿನ ಅಂದಾಜನ್ನೂ ಬರೆದು ಪರಿಷತ್ತಿಗೆ ಸಲ್ಲಿಸುವದು, ಸಲಹಾ ಮಂಡಲವು ಅದನ್ನು ಪರಿಶೀಲಿಸುವದು, ಆಡಳಿತ ಮಂಡಲವು ನಿಯತ ಅವಧಿಗೆ ಹಣ ಮಂಜೂರು ಮಾಡುವದು, ಇದು ಅಂದಿನ ಕ್ರಮವಾಗಿತ್ತು. ಈ ಕ್ರಮದಿಂದ 1933–35ರ ಅವಧಿಯಲ್ಲಿ ಸೊಲ್ಲಾಪುರ, ವಿಜಾಪುರ, ಹಗರಿ, ರಾಯಚೂರು ಮತ್ತು ರೋಹತಕಗಳಲ್ಲಿ ಒಣಬೇಸಾಯದ ಸಂಶೋಧನ ಕೇಂದ್ರಗಳು ಆರಂಭವಾದವು. ಐದರಲ್ಲಿ ಮೂರು ಇಂದಿನ ಕರ್ನಾಟಕದ ನೆಲದಲ್ಲಿವೆಯೆಂಬುದು ಗಮನಿಸತಕ್ಕ ವಿಷಯ. 1940ರ ಕಾಯಿದೆಯಿಂದ ಹೊರದೇಶಗಳಿಗೆ ಸಾಗುವ ಕೆಲವು ಕೃಷಿ ಪದಾರ್ಥಗಳ ಮೇಲೆ ಬೆಲೆಯ ನೂರಕ್ಕೆ ಅರ್ಧದಷ್ಟು ಕರವನ್ನು ವಿಧಿಸಿ ಆ ಉತ್ಪನ್ನವನ್ನು ಪರಿಷತ್ತಿಗೆ ಕೊಡಲಾಯಿತು. ಹೀಗೆ ರೈತನ ಮಾಲಿನಿಂದ ಬಂದ ಹಣವೇ ರೈತನ ಪ್ರಶ್ನೆಗೆ ವಿನಿಯೋಗವಾಯಿತು.

ಸೊಲ್ಲಾಪುರ, ವಿಜಾಪುರಗಳ ಪ್ರಯೋಗಗಳಿಂದ ಮುಂಬಯಿ ಒಣಬೇಸಾಯ ಪದ್ಧತಿಯು ರೂಪುಗೊಂಡಿತು. ಒಡ್ಡು ಹಾಕುವದು, ಕೆಲವು ವರ್ಷಗಳಿಗೊಮ್ಮೆ ಆಳವಾಗಿ ನೇಗಿಲು ಹೊಡೆಯುವದು, ಸೆಗಣಿಗೊಬ್ಬರವನ್ನು ಹಾಕುವದು, ಬೀಜದ ಪ್ರಮಾಣವನ್ನು ಕಡಿಮೆ ಮಾಡಿ ಸಾಲುಗಳ ಅಂತರವನ್ನು ಹೆಚ್ಚಿಸುವದು, ಮೇಲಿಂದ ಮೇಲೆ ಎಡೆ ಹೊಡೆದು ಹಸಿಯನ್ನು ಕಾಪಾಡುವದು, ಇವು ಅದರ ಅಂಗಗಳು. ಈ ಸಂಶೋಧನದ ಮುಂದಾಳುಗಳಲ್ಲಿ ಒಬ್ಬರಾದ ಎನ್. ವ್ಹಿ. ಕಾನಿಟಕರ ಅವರ ಗ್ರಂಥವನ್ನು 1944ರಲ್ಲಿ ಪರಿಷತ್ತು ಪ್ರಕಟಿಸಿತು.

ಆದರೆ ಫಲವನ್ನು ನಿಷ್ಪಕ್ಷಪಾತದಿಂದ ನೋಡಬೇಕು. ಈ ಪದ್ಧತಿಯಿಂದ ಉತ್ಪನ್ನವು ನೂರಕ್ಕೆ 15ರಿಂದ 20ರಷ್ಟು ಹೆಚ್ಚಿತೆಂದು ಮುಂದಿನ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಮೂಲ ಉತ್ಪನ್ನವೇ ಹೆಕ್ಟೇರಿಗೆ 200ರಿಂದ 400 ಕಿಲೋಗ್ರಾಮಿನಷ್ಟಿದ್ದಲ್ಲಿ ಈ ಹೆಚ್ಚಳವೆಂದರೆ 30ರಿಂದ 80 ಕಿಲೋಗ್ರಾಮು ಮಾತ್ರ. ಒಡ್ಡಿನ ಕೂಲಿ, ಎತ್ತಿನ ದುಡಿಮೆಗಳನ್ನು ಕಳೆದರೆ ರೈತನ ಕೈಗೆ ಉಳಿಯುವದು ಬಹಳವಿಲ್ಲ. ಪದ್ಧತಿಯು ಶಾಸ್ತ್ರಶುದ್ಧವಾಗಿದ್ದರೂ ಅದು ವ್ಯಾಪಕವಾಗಿ ಹಬ್ಬದೆ ಹೋದದ್ದಕ್ಕೆ ಇದು ಮುಖ್ಯ ಕಾರಣ. ಇದರಿಂದ ಇಂದಿನ ಅರ್ಜಿದಾರನು ಕಲಿಯತಕ್ಕ ಪಾಠವು ಸ್ಪಷ್ಟವಿದೆ: ಪ್ರಯೋಗದಲ್ಲಿ ಕಾಳಿನ ತೂಕವನ್ನಷ್ಟೇ ಅಲ್ಲದೆ, ಖರ್ಚು ಕಳೆದು ರೈತನಿಗೆ ಉಳಿದ ಲಾಭವನ್ನೂ ಮೊದಲಿನಿಂದಲೇ ಅಳೆಯಬೇಕು.

ಕೆಲಸವು ಅಲ್ಲಿಗೇ ನಿಲ್ಲಲಿಲ್ಲ. 1954ರಲ್ಲಿ ಬಳ್ಳಾರಿಯಲ್ಲಿ ಭೂಸಂರಕ್ಷಣ ಸಂಶೋಧನ ಕೇಂದ್ರವು ಆರಂಭವಾಯಿತು. 1970ರಲ್ಲಿ ಕೆನಡಾ ದೇಶದ ಸಹಕಾರದಿಂದ ಅಖಿಲ ಭಾರತ ಒಣಬೇಸಾಯ ಸಂಶೋಧನ ಯೋಜನೆಯು ಪ್ರಾರಂಭವಾಗಿ, ವಿಜಯಪುರವು ಅದರ ಕೇಂದ್ರಗಳಲ್ಲಿ ಒಂದಾಯಿತು. ಮುಂಗಾರಿಯಲ್ಲಿ ಹೊಲವನ್ನು ಚಿಕ್ಕ ಚಿಕ್ಕ ಚೌಕು ಮಡಿಗಳನ್ನಾಗಿ ವಿಂಗಡಿಸಿ, ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಇಂಗಿಸಿ, ಹಿಂಗಾರಿಗೆ ಬಿತ್ತುವ ಕ್ರಮವನ್ನು ಇಂದು ಈ ಭಾಗದ ರೈತರಿಗೆ ಶಿಫಾರಸು ಮಾಡುತ್ತಿರುವದು ಇಂಥ ಪ್ರಯೋಗಗಳ ಫಲವೇ.

ಮರೋಳದ ಹೊಸ ಪ್ರಶ್ನೆ

ಈಗ ಮರೋಳದ ಹೆಸರು ದೂರದವರೆಗೆ ತಿಳಿದಿರುವದು ಬೇರೊಂದು ಕಾರಣದಿಂದ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ, ಸುಮಾರು 24,000 ಹೆಕ್ಟೇರು ಪ್ರದೇಶಕ್ಕೆ ಹನಿ ನೀರಾವರಿಯಿಂದ ಒದಗಿಸುವ ರಾಮಥಾಳ (ಮರೋಳ) ಏತ ನೀರಾವರಿ ಯೋಜನೆಯನ್ನು ಕೃಷ್ಣಾ ಭಾಗ್ಯ ಜಲ ನಿಗಮವು ಕೈಕೊಂಡು, 2017ರಲ್ಲಿ ಅದು ಉದ್ಘಾಟನೆಗೊಂಡಿತು. ಒಂದೇ ಕಡೆಗೆ ಇಷ್ಟು ವಿಸ್ತಾರಕ್ಕೆ ಹನಿ ನೀರಾವರಿಯನ್ನು ಅಳವಡಿಸಿದ ಯೋಜನೆಗಳು ಏಶಿಯಾ ಖಂಡದಲ್ಲಿಯೇ ವಿರಳ. ಮುಂದೆ ಹಲವು ಹೊಲಗಳಲ್ಲಿ ಕೊಳವೆಗಳು ಬಳಕೆಯಿಲ್ಲದೆ ಉಳಿದವೆಂದು ವರ್ತಮಾನಪತ್ರಗಳು ವರದಿ ಮಾಡಿವೆ. ಗುಣದೋಷಗಳ ವಿಮರ್ಶೆಯು ಈ ಲೇಖನದ ಉದ್ದೇಶವಲ್ಲ. ನೀರನ್ನು ಹೊಲದ ಬದುವಿನವರೆಗೆ ತರುವದು ಒಂದು ಕೆಲಸ. ಆ ನೀರಿನಿಂದ ಎರೆಭೂಮಿಯಲ್ಲಿ ಯಾವ ಪೀಕನ್ನು, ಎಷ್ಟು ನೀರಿನಿಂದ, ಭೂಮಿ ಕೆಡದಂತೆ ಬೆಳೆಯಬಹುದೆಂದು ತಿಳಿಯುವದು ಇನ್ನೊಂದು ಕೆಲಸ. ಎರಡನೆಯದು ಸಂಶೋಧನದ ಕೆಲಸ.

ಇದರಲ್ಲಿ ಅಪಾಯವೂ ಉಂಟು. ಎರೆಭೂಮಿಗೆ ಅಳತೆಯಿಲ್ಲದೆ ನೀರು ಹಾಯಿಸಿದ ನೀರಾವರಿ ಪ್ರದೇಶಗಳಲ್ಲಿ ಹೊಲಗಳು ಸವಳು ಜವಳಾದುದನ್ನು ಕೃಷ್ಣಾ, ಮಲಪ್ರಭಾ ತೀರದವರು ಬಲ್ಲರು. ಬರದಿಂದ ಒಂದು ವರ್ಷದ ಪೀಕು ಹೋಗುವದು. ಸವಳಿನಿಂದ ಹೊಲವೇ ಹೋಗುವದು. ಹನಿ ನೀರು ಈ ಅಪಾಯವನ್ನು ತಗ್ಗಿಸಬಲ್ಲುದಾದರೂ ನಮ್ಮ ನಮ್ಮ ಹೊಲಗಳಲ್ಲಿ ಎಷ್ಟರಮಟ್ಟಿಗೆ ತಗ್ಗಿಸೀತೆಂಬುದನ್ನು ಅಳೆದೇ ಹೇಳಬೇಕು.

ಯಾವ ಬಾಗಿಲನ್ನು ತಟ್ಟಬೇಕು

“ನಮ್ಮಂಥವರ ಅರ್ಜಿ ಯಾರ್ ನೋಡ್ತಾರ್ರೀ ಸಾಹೇಬ್ರ?” ಎಂದು ರೈತರು ಕೇಳುವದು ವಾಡಿಕೆ. ಒಬ್ಬ ರೈತನ ಹೆಸರಿಗೆ ಸಂಶೋಧನದ ಧನವು ನೇರವಾಗಿ ಸಾಮಾನ್ಯವಾಗಿ ಮಂಜೂರಾಗುವದಿಲ್ಲವೆಂಬುದು ನಿಜ. ಆದರೆ ರೈತನ ಪ್ರಶ್ನೆಯನ್ನು ಹೊತ್ತುಕೊಂಡು ಹೋಗುವ ಮಾರ್ಗಗಳು ಹಲವಿವೆ.

ಮೊದಲನೆಯದು, ಹೋಬಳಿಯ ರೈತ ಸಂಪರ್ಕ ಕೇಂದ್ರದ ಮೂಲಕ ‘ಆತ್ಮ’ ಯೋಜನೆ. 2005–06ರಿಂದ ನಡೆದ ಈ ಯೋಜನೆಯಲ್ಲಿ ರೈತ ಸಲಹಾ ಸಮಿತಿಗಳಿಗೆ ಸ್ಥಾನವಿದೆ. ಜಿಲ್ಲೆಯ ಸಂಶೋಧನ ಮತ್ತು ವಿಸ್ತರಣ ಯೋಜನಾಪತ್ರದಲ್ಲಿ ಎಲ್ಲಿ ಸಂಶೋಧನ ಬೇಕಾಗಿದೆಯೆಂಬುದನ್ನು ನಮೂದಿಸಲು ಅವಕಾಶವುಂಟು. ಪ್ರಶ್ನೆಯು ಆ ಪತ್ರದಲ್ಲಿ ಸೇರಿದ್ದರೆ ಮುಂದಿನ ಅರ್ಜಿಗೆ ಅದೇ ಆಧಾರವಾಗುವದು.

ಎರಡನೆಯದು, ಕೃಷಿ ವಿಜ್ಞಾನ ಕೇಂದ್ರ. ರೈತನ ಹೊಲದಲ್ಲಿಯೇ ಪರೀಕ್ಷೆ ನಡೆಸುವದು ಈ ಕೇಂದ್ರದ ಮುಖ್ಯ ಕರ್ತವ್ಯಗಳಲ್ಲೊಂದು. ಅದರ ವೈಜ್ಞಾನಿಕ ಸಲಹಾ ಸಮಿತಿಯಲ್ಲಿ ರೈತ ಪ್ರತಿನಿಧಿಗಳೂ ಇರುತ್ತಾರೆ. ಸಮಿತಿ ಕೂಡುವ ಮುಂಚೆ ಪ್ರಶ್ನೆಯನ್ನು ಬರೆದು ಅವರ ಕೈಗೆ ಕೊಡಬೇಕು.

ಮೂರನೆಯದು, 2007ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಕೃಷಿ ವಿಕಾಸ ಯೋಜನೆ. ಇಲಾಖೆಗಳೂ ಕೃಷಿ ವಿಶ್ವವಿದ್ಯಾಲಯಗಳೂ ಸಲ್ಲಿಸಿದ ಯೋಜನೆಗಳನ್ನು ಮುಖ್ಯ ಕಾರ್ಯದರ್ಶಿಗಳ ಅಧ್ಯಕ್ಷತೆಯ ರಾಜ್ಯಮಟ್ಟದ ಮಂಜೂರಾತಿ ಸಮಿತಿಯು ಒಪ್ಪುವದು. ನಮ್ಮ ಭಾಗಕ್ಕೆ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ, ತೋಟಗಾರಿಕೆಯ ಪೀಕುಗಳಿಗೆ 2008ರಲ್ಲಿ ಸ್ಥಾಪಿತವಾದ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯವೂ ಇವೆ.

ನಾಲ್ಕನೆಯದು, ನಬಾರ್ಡ್ ಬ್ಯಾಂಕಿನ ಕೃಷಿ ಕ್ಷೇತ್ರ ಅಭಿವೃದ್ಧಿ ನಿಧಿ. 2014ರಲ್ಲಿ ಎರಡು ಹಳೆಯ ನಿಧಿಗಳನ್ನು ಕೂಡಿಸಿ ರಚಿಸಿದ ಇದರಿಂದ ಹೊಸ ಪದ್ಧತಿಗಳನ್ನು ಹೊಲದಲ್ಲಿ ಪರೀಕ್ಷಿಸಿ ತೋರಿಸುವ ಕಾರ್ಯಗಳಿಗೆ ಸಹಾಯ ದೊರೆಯುವದು. ರೈತ ಉತ್ಪಾದಕ ಸಂಸ್ಥೆಗಳು ಈ ವಿಷಯವಾಗಿ ಜಿಲ್ಲೆಯ ನಬಾರ್ಡ್ ಅಧಿಕಾರಿಗಳನ್ನು ಕಾಣಬೇಕು. ಇದಲ್ಲದೆ, ರೈತನು ತಾನೇ ಒಂದು ಉಪಕರಣವನ್ನೋ ಕ್ರಮವನ್ನೋ ಕಂಡುಹಿಡಿದಿದ್ದರೆ 2000ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನಕ್ಕೆ ಬರೆಯಬಹುದು.

ಅರ್ಜಿಯಲ್ಲಿ ಏನು ಬರೆಯಬೇಕು

1. ಪ್ರಶ್ನೆಯು ಒಂದೇ ಇರಲಿ, ಅಳೆಯಲು ಬರುವಂತಿರಲಿ. “ಮರೋಳ ಸೀಮೆಯ ಕೃಷಿಯ ಸರ್ವಾಂಗೀಣ ಅಭಿವೃದ್ಧಿ” ಎಂಬುದು ಪ್ರಶ್ನೆಯಲ್ಲ. “ಎರೆಭೂಮಿಯ ಹಿಂಗಾರಿ ಕಡಲೆಗೆ ಚೌಕು ಮಡಿಯೊಂದೇ ಸಾಕೆ, ಹೂವು ಕಾಯಿ ಕಟ್ಟುವ ಕಾಲಕ್ಕೆ ಒಂದು ಸಲ ಹನಿ ನೀರು ಕೊಟ್ಟರೆ ಖರ್ಚು ಕಳೆದು ಹೆಚ್ಚು ಉಳಿಯುವದೆ?” ಎಂಬುದು ಪ್ರಶ್ನೆ.

2. ಇಂದಿನ ಸ್ಥಿತಿಯನ್ನು ಅಂಕಿಗಳಿಂದ ತೋರಿಸಬೇಕು. ಹಿಂದಿನ ಮೂರು ನಾಲ್ಕು ವರ್ಷಗಳ ಬಿತ್ತನೆಯ ದಿನ, ಬೀಜ, ಗೊಬ್ಬರ, ಕೂಲಿ, ಉತ್ಪನ್ನ, ಮಾರಿದ ಬೆಲೆ, ಇವಿಷ್ಟನ್ನು ಐದಾರು ರೈತರು ಒಂದು ವಹಿಯಲ್ಲಿ ಬರೆದಿಟ್ಟಿದ್ದರೆ ಅದಕ್ಕಿಂತ ಬಲವಾದ ಪುರಾವೆ ಬೇರೆ ಬೇಡ.

3. ಹೋಲಿಕೆಯ ತಾಕು ಇರಲೇಬೇಕು. ಮೇಲಿನ ಪ್ರಶ್ನೆಗೆ ನಾಲ್ಕು ಬಗೆಯ ತಾಕುಗಳು ಬೇಕಾಗುವವು: ರೂಢಿಯಂತೆ ಬಿತ್ತಿದ್ದು, ಚೌಕು ಮಡಿ ಮಾತ್ರ ಮಾಡಿದ್ದು, ಹನಿ ನೀರು ಮಾತ್ರ ಕೊಟ್ಟದ್ದು, ಎರಡನ್ನೂ ಮಾಡಿದ್ದು. ಎರಡನ್ನೂ ಕೂಡಿಯೇ ಮಾಡಿದರೆ ಲಾಭವು ಯಾವುದರಿಂದ ಬಂತೆಂದು ತಿಳಿಯುವದಿಲ್ಲ. ಪ್ರತಿಯೊಂದನ್ನು ಮೂರು ಸಲ ಬೇರೆ ಬೇರೆ ಸ್ಥಳದಲ್ಲಿ, ಚೀಟಿ ಎತ್ತಿ ನಿರ್ಧರಿಸಿ ಹಾಕಿದರೆ 12 ತಾಕುಗಳಾಗುವವು. ಒಂದೊಂದಕ್ಕೆ ಮೂರು ಗುಂಟೆಯಂತೆ 36 ಗುಂಟೆ. ಒಡ್ಡು ದಾರಿಗಳಿಗೆ ನಾಲ್ಕು ಗುಂಟೆ. ಒಟ್ಟು ಒಂದು ಎಕರೆಯಲ್ಲಿ ಪ್ರಯೋಗವು ಮುಗಿಯುವದು.

4. ಅಳತೆಯು ಸುಲಭವಿರಲಿ. ಅಂಚಿನ ಸಾಲುಗಳನ್ನು ಬಿಟ್ಟು ತಾಕಿನ ನಡುವೆ 8 ಮೀಟರು ಉದ್ದ, 5 ಮೀಟರು ಅಗಲದ ಸ್ಥಳವನ್ನು ಗುರುತಿಸಿ ರಾಶಿ ಮಾಡಬೇಕು. ಇದು ಎಕರೆಯ ನೂರರಲ್ಲಿ ಒಂದು ಭಾಗಕ್ಕೆ ಬಹಳ ಸಮೀಪವಿರುವದರಿಂದ, ಅಲ್ಲಿ ದೊರೆತ ಒಂದು ಕಿಲೋಗ್ರಾಮು ಕಾಳು ಎಕರೆಗೆ ಒಂದು ಕ್ವಿಂಟಲಿಗೆ ಸಮನೆಂದು ತಿಳಿಯಬಹುದು. ಮಳೆಮಾಪಕವನ್ನಿಟ್ಟು ದಿನಾಲು ಮುಂಜಾನೆ ಎಂಟೂವರೆಗೆ ಅಳೆದು ಬರೆಯಬೇಕು. ಪ್ರಯೋಗದ ಆರಂಭಕ್ಕೂ ಅಂತ್ಯಕ್ಕೂ ಮಣ್ಣಿನ ಲವಣಾಂಶ ಮತ್ತು ಸಾವಯವ ಇಂಗಾಲವನ್ನು ಪರೀಕ್ಷೆ ಮಾಡಿಸಬೇಕು. ಭೂಮಿಯು ಸುಧಾರಿಸಿತೋ ಕೆಟ್ಟಿತೋ ಎಂಬುದಕ್ಕೆ ಇದೇ ಸಾಕ್ಷಿ.

5. ಅವಧಿಯು ಮೂರು ವರ್ಷಕ್ಕಿಂತ ಕಡಿಮೆಯಿರಬಾರದು. ಒಂದೇ ವರ್ಷದ ಫಲವು ಪದ್ಧತಿಯ ಗುಣವೋ ಆ ವರ್ಷದ ಮಳೆಯ ಗುಣವೋ ಎಂದು ಹೇಳಲಿಕ್ಕಾಗದು.

6. ಅಂದಾಜುಪತ್ರಿಕೆಯಲ್ಲಿ ಬೀಜ, ಕೂಲಿ, ಮಣ್ಣಿನ ಪರೀಕ್ಷೆ, ಕೊಳವೆಯ ದುರಸ್ತಿ, ಲೆಕ್ಕ ಬರೆಯುವವನ ಸಂಬಳ ಮೊದಲಾದವುಗಳನ್ನು ಬೇರೆ ಬೇರೆಯಾಗಿ ತೋರಿಸಬೇಕು. ಹೊಲದೊಡೆಯನ ಮನೆಯವರು, ಅದರಲ್ಲಿಯೂ ಹೆಣ್ಣುಮಕ್ಕಳು ಮಾಡುವ ಕೆಲಸವನ್ನು ಕೂಲಿಯೆಂದು ಎಣಿಸದಿದ್ದರೆ ಲಾಭದ ಲೆಕ್ಕವು ಸುಳ್ಳಾಗುವದು. ಪ್ರಯೋಗದಿಂದ ಪೀಕು ಕಡಿಮೆಯಾದರೆ ರೈತನಿಗೆ ಕೊಡತಕ್ಕ ನಷ್ಟಭರ್ತಿಯನ್ನೂ ಮೊದಲೇ ಸೇರಿಸಬೇಕು. ಬಡ ರೈತನ ಹೊಲವನ್ನು ಪ್ರಯೋಗಕ್ಕೆ ತೆಗೆದುಕೊಂಡು ಅಪಾಯವನ್ನು ಅವನ ತಲೆಗೇ ಕಟ್ಟುವದು ನ್ಯಾಯವಲ್ಲ.

7. ಹಣವು ಮುಗಿದ ಮೇಲೆ ಏನೆಂಬುದನ್ನು ಬರೆಯಬೇಕು. ಕೊಳವೆ ಒಡೆದರೆ ಯಾರು ಜೋಡಿಸುವರು, ಸೋಸುವ ಯಂತ್ರವನ್ನು ಯಾರು ತೊಳೆಯುವರು, ನೀರಿನ ಸರದಿಯನ್ನು ಯಾರು ನೋಡಿಕೊಳ್ಳುವರು? ಸಾಮೂಹಿಕ ನೀರಾವರಿಯಲ್ಲಿ ಈ ಮೂರು ಪ್ರಶ್ನೆಗಳಿಗೆ ಹೆಸರು ಸಹಿತ ಉತ್ತರವಿಲ್ಲದಿದ್ದರೆ ಉತ್ತಮ ಯಂತ್ರವೂ ಹೊಲದ ಬದುವಿನಲ್ಲಿ ಬಿದ್ದುಕೊಳ್ಳುವದು.

ಅರ್ಜಿಗಳು ತಿರಸ್ಕೃತವಾಗುವ ಕಾರಣಗಳು

ಬಹಳ ಅರ್ಜಿಗಳು ವಿಷಯದ ಕೊರತೆಯಿಂದಲ್ಲ, ಬರವಣಿಗೆಯ ಕೊರತೆಯಿಂದ ಬಿದ್ದುಹೋಗುವವು. ಆಗಲೇ ಉತ್ತರ ದೊರೆತ ಪ್ರಶ್ನೆಯನ್ನು ಪುನಃ ಕೇಳುವದು, ಯಂತ್ರಗಳ ಖರೀದಿಗೆ ಹಣದ ಬಹುಭಾಗವನ್ನು ಬೇಡುವದು, ಹೊಲದ ಒಡೆಯರ ಲಿಖಿತ ಒಪ್ಪಿಗೆಯನ್ನು ಲಗತ್ತಿಸದಿರುವದು, ಬಿತ್ತನೆಯ ಕಾಲವು ದಾಟುವಂತೆ ವೇಳಾಪತ್ರಿಕೆಯನ್ನು ಹಾಕುವದು, ಇವು ಸಾಮಾನ್ಯ ದೋಷಗಳು. ಕೊನೆಯ ದೋಷವು ವಿಶೇಷವಾಗಿ ನಮ್ಮ ಸೀಮೆಗೆ ಮಾರಕ. ಹಿಂಗಾರಿಯ ಚೌಕು ಮಡಿಗಳನ್ನು ಜೂನ್–ಜುಲೈ ತಿಂಗಳಲ್ಲಿಯೇ ಮಾಡಬೇಕು. ಮಂಜೂರಾತಿಯು ಅಕ್ಟೋಬರದಲ್ಲಿ ಬಂದರೆ ಒಂದು ವರ್ಷವು ಹೋದಂತೆಯೇ. ಆದಕಾರಣ ಈ ವರ್ಷ ಕೇಳುವ ಹಣವು ಮುಂದಿನ ವರ್ಷದ ಹಂಗಾಮಿಗೆಂದು ತಿಳಿದೇ ಬರೆಯಬೇಕು.

ಹಣ ಕೈಗೆ ಬಂದ ಮೇಲಿನ ಹೊಣೆಯೂ ಸಣ್ಣದಲ್ಲ. ಯಾವ ಬಾಬಿಗೆ ಮಂಜೂರಾಯಿತೋ ಅದೇ ಬಾಬಿಗೆ ಖರ್ಚು ಮಾಡಬೇಕು. ರಶೀದಿಗಳನ್ನು ಕ್ರಮವಾಗಿ ಜೋಡಿಸಿಡಬೇಕು. ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಂತೆ, ಹಣಕಾಸಿನ ವರ್ಷವು ಮುಗಿದ ಹನ್ನೆರಡು ತಿಂಗಳೊಳಗೆ ಹಣ ಬಳಕೆಯ ಪ್ರಮಾಣಪತ್ರವನ್ನು ಒಪ್ಪಿಸತಕ್ಕದ್ದು. ಫಲವು ಪ್ರತಿಕೂಲವಾಗಿದ್ದರೆ ಅದನ್ನೂ ಮರೆಮಾಚದೆ ವರದಿ ಮಾಡಬೇಕು. ಒಂದು ಪದ್ಧತಿಯು ನಮ್ಮ ಎರೆಭೂಮಿಗೆ ಒಗ್ಗುವದಿಲ್ಲವೆಂದು ಒಂದು ಎಕರೆಯಲ್ಲಿ ತಿಳಿದರೆ ಸಾವಿರ ಎಕರೆಯ ನಷ್ಟವು ತಪ್ಪುವದು.

ಮರೋಳದ ಹಾಗೂ ಸುತ್ತಲಿನ ಗ್ರಾಮಗಳ ರೈತಬಂಧುಗಳು ಮೊದಲು ಮಾಡಬೇಕಾದ ಕೆಲಸಕ್ಕೆ ಯಾವ ಮಂಜೂರಾತಿಯೂ ಬೇಡ. ಐದಾರು ಮಂದಿ ಕೂಡಿ, ಈ ಹಿಂಗಾರಿಯಿಂದಲೇ ಒಂದು ವಹಿಯನ್ನು ತೆರೆದು, ತಮ್ಮ ತಮ್ಮ ಹೊಲದ ಖರ್ಚು ಉತ್ಪನ್ನಗಳನ್ನು ಬರೆಯತೊಡಗಲಿ. ತಮ್ಮನ್ನು ಹೆಚ್ಚು ಕಾಡುವ ಒಂದು ತೊಡಕನ್ನು ಎರಡು ಸಾಲಿನ ಪ್ರಶ್ನೆಯಾಗಿ ಬರೆದು ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯಲಿ. ಅದನ್ನು ಅರ್ಜಿಯ ರೂಪಕ್ಕೆ ತರುವದರಲ್ಲಿ ಖಾತೆಯ ಅಧಿಕಾರಿಗಳು ನೆರವಾಗತಕ್ಕದ್ದು.